ಉಪ್ಪುನೀರಿನ ಗದ್ದೆಯಲ್ಲಿ ಕಗ್ಗದ ಕೊಯ್ಲು

ಗೋಕರ್ಣಕ್ಕೆ ಬಂದವರು ಮಹಾಬಲೇಶ್ವರನ ದರ್ಶನ ಮಾಡಿ, ಓಂ ಬೀಚು ನೋಡಿ ಮರಳುತ್ತಾರೆ. ಸಮೀಪದಲ್ಲೇ ಅಘನಾಶಿನಿ ಹೊಳೆ ಕಡಲು ಸೇರುವೆಡೆ ಹರಡಿರುವ ಗಜನಿ ಗದ್ದೆಗಳತ್ತ ಸುಳಿಯುವವರು ವಿರಳ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ಇಂಥ ಗದ್ದೆಗಳಲ್ಲಿ ಬೆಳೆಯುವ ಭತ್ತವೇ ‘ಕಗ್ಗ’.

ಉಪ್ಪುನೀರು ನುಗ್ಗಿದರೆ ಬೇರೆ ಭತ್ತ ಕರಟುತ್ತದೆ, ಕಗ್ಗ ತಾಳಿಕೊಳ್ಳುತ್ತದೆ. ಮೊದಲ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬೀಜ ಎರಚುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ, ಹೊಳೆ ತಂದ ಮೆಕ್ಕಲೇ ಸಾರ. ಕೊಯ್ಲು ಮುಗಿದರೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರೆ.

ಕೊಯ್ಲಿನ ಕಾಲ ದಸರಾ-ದೀಪಾವಳಿಯ ಆಸುಪಾಸು. ಕೆಸರಿಗೆ ಯಂತ್ರ ಇಳಿಯದು. ನೀರಿನಲ್ಲಿ ನಿಂತು ತೆನೆಯನ್ನಷ್ಟೇ ಕತ್ತಿಯಿಂದ ಕೊಯ್ಯಬೇಕು. ಆದರೆ ಕೊಯ್ಯುವ ಕೈಗಳೇ ಕಡಿಮೆಯಾಗಿವೆ. ಯುವಕರು ಪಟ್ಟಣ ಸೇರಿದ್ದಾರೆ. ಕೆಲವು ಗದ್ದೆಗಳು ಸೀಗಡಿ ಹೊಂಡಗಳಾದವು, ಕೆಲವು ಪಾಳುಬಿದ್ದವು. ವರ್ಷವರ್ಷವೂ ಬಿತ್ತದಿದ್ದರೆ ಈ ತಳಿಯ ಬೀಜ ಉಳಿಯದು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು, ನಿಜ. ಆದರೆ ಪಟ್ಟಿ ಭತ್ತ ಕೊಯ್ಯುವುದಿಲ್ಲವಲ್ಲ!

ಬಿಡುವಿನಲ್ಲಿ ಹೊಲದ ಕೆಲಸಕ್ಕೆ ನೆರವಾಗಿ, ಪ್ರತಿಯಾಗಿ ಊಟ-ವಸತಿ ಪಡೆಯುವ ‘ವೂಫ್’ ಪದ್ಧತಿ 1971ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಯಿತು. ದಸರಾ ರಜೆಯಲ್ಲಿ ನಮ್ಮ ಮಕ್ಕಳೂ ಹಾಗೆ ಮಾಡಬಹುದು. ಕುಮಟಾಕ್ಕೆ ಕೊಂಕಣ ರೈಲಿದೆ. ಮೊದಲೇ ರೈತರೊಬ್ಬರನ್ನು ಕೇಳಿ ಒಪ್ಪಿಗೆ ಪಡೆಯಬೇಕು. ತಲೆಗೊಂದು ಟೊಪ್ಪಿ, ಕೆಸರಾದರೂ ಸರಿ ಎನ್ನುವ ಬಟ್ಟೆ ಇರಲಿ. ಹೆತ್ತವರೂ ಜೊತೆಗೆ ಬಂದರೆ ಎರಡು ಕತ್ತಿ ಹೆಚ್ಚಾದಂತೆ. ಮಧ್ಯಾಹ್ನ ಕಗ್ಗದ ಗಂಜಿ ಉಣ್ಣುವಾಗ ಅಕ್ಕಿಯ ಬೆಲೆ ತಾನಾಗಿ ತಿಳಿದೀತು.