ಸಾವಿಲ್ಲದ ಮನೆಯ ಸಾಸಿವೆ

ಸರ್ವರ್‌ಗೆ ತೂಕವಿದ್ದ ಕಾಲದಲ್ಲಿ ನಾನು ಡೇಟಾ ಸೆಂಟರಿನ ಕೆಲಸಕ್ಕೆ ಸೇರಿದವನು. ಪೆಟ್ಟಿಗೆ ಬಿಚ್ಚಿ ರ‍್ಯಾಕಿಗೆ ಏರಿಸಲು ಮೂರು ಜನ ಬೇಕಾಗುತ್ತಿತ್ತು. ಆ ಕಡೆ ಒಬ್ಬ, ಈ ಕಡೆ ಒಬ್ಬ, ದೂರ ನಿಂತು ‘ಇನ್ನೂ ಸ್ವಲ್ಪ ಮೇಲೆ’ ಅನ್ನಲು ಒಬ್ಬ. ಮೂರನೆಯವರು ಸಾಮಾನ್ಯವಾಗಿ ಮ್ಯಾನೇಜರ್ ಆಗಿರುತ್ತಿದ್ದರು. ರ‍್ಯಾಕ್ ಅಂದರೆ 19 ಇಂಚು ಅಗಲದ ಕಬ್ಬಿಣದ ಬೀರು. ಕಂಪ್ಯೂಟರ್ ಹುಟ್ಟುವ ಮೊದಲೇ ಅಮೆರಿಕದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಬಳಕೆಗೆ ಬಂದ ಅಗಲ ಅದು. ಇಂದಿಗೂ ಒಂದಂಗುಲ ಆಚೀಚೆ ಆಗಿಲ್ಲ. ಎತ್ತರವನ್ನು ಮಾತ್ರ ನಾವು ‘ಯು’ ಲೆಕ್ಕದಲ್ಲಿ ಹೇಳುತ್ತೇವೆ. ಒಂದು ಯು ಅಂದರೆ ಒಂದೂಮುಕ್ಕಾಲು ಇಂಚು, ಒಂದು ಬೀರುವಿಗೆ 42 ಯು. ಸರ್ವರ್ ಕೂರುವ ಕಂಬಿಗಳನ್ನು ಬಿಗಿಯಲು ಕೇಜ್ ನಟ್ ಎಂಬ ಚೌಕದ ನಟ್ಟುಗಳಿರುತ್ತವೆ. ಅದರ ಎರಡು ಕಿವಿಗಳನ್ನು ಒತ್ತಿ ತೂತಿನೊಳಗೆ ಕೂರಿಸುವಾಗ ಬೆರಳ ತುದಿ ಹರಿಸಿಕೊಳ್ಳದವನನ್ನು ನಮ್ಮ ಕುಲದವನೆಂದು ನಾನು ಒಪ್ಪುವುದಿಲ್ಲ.

ಆಗ ಪ್ರತಿ ಸರ್ವರ್‌ಗೂ ಹೆಸರಿತ್ತು. ನಮ್ಮವಕ್ಕೆಲ್ಲ ನದಿಗಳ ಹೆಸರು. ಈಮೇಲ್ ನೋಡಿಕೊಳ್ಳುತ್ತಿದ್ದದ್ದು ಕಾವೇರಿ, ಸಂಬಳದ ಲೆಕ್ಕ ತುಂಗೆಯದು, ಬ್ಯಾಕಪ್ ವೇದಾವತಿಯದು. ವೇದಾವತಿ ಹೆಸರಿಗೆ ತಕ್ಕಂತೆ ಬೇಸಿಗೆಯಲ್ಲಿ ಕೈಕೊಡುತ್ತಿತ್ತು. ಪಕ್ಕದ ಕೇಜಿನವರು, ಅಂದರೆ ಜಾಲರಿಯಾಚೆಯ ಕಂಪನಿಯವರು, ಗ್ರಹಗಳ ಹೆಸರಿಟ್ಟಿದ್ದರು. ಶನಿ ಎಂಬ ಸರ್ವರನ್ನು ರೀಬೂಟ್ ಮಾಡಲು ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಿದ್ದರು. ಇದು ಪೋಲಿ ಹುಡುಗರ ಆಟವೇನೂ ಆಗಿರಲಿಲ್ಲ. ಕಂಪ್ಯೂಟರಿಗೆ ಹೆಸರಿಡುವುದು ಹೇಗೆಂದು ಇಂಟರ್ನೆಟ್ಟಿನ ಹಿರಿಯರು 1990ರಲ್ಲೇ ಆರ್‌ಎಫ್‌ಸಿ 1178 ಎಂಬ ದಸ್ತಾವೇಜು ಬರೆದಿಟ್ಟಿದ್ದಾರೆ. ನಿಮ್ಮ ಸ್ವಂತ ಹೆಸರಿಡಬೇಡಿ, ಉದ್ದದ ಹೆಸರು ಬೇಡ, ಯಾವುದಾದರೂ ಒಂದು ಬಳಗದ ಹೆಸರುಗಳನ್ನು ಆರಿಸಿಕೊಳ್ಳಿ ಎಂದೆಲ್ಲ ಅದರಲ್ಲಿದೆ. ನಾಮಕರಣಕ್ಕೆ ಶಾಸ್ತ್ರವಿದ್ದ ಕಾಲ. ಈಗಿನ ಮೆಷಿನ್ನಿನ ಹೆಸರು ಬಿಎಲ್‌ಆರ್-ಪಿಆರ್‌ಡಿ-ಎಪಿಪಿ-0147. ಇದನ್ನು ಯಾರಾದರೂ ಪ್ರೀತಿಯಿಂದ ಬೈಯುವುದಾದರೂ ಹೇಗೆ?

ಕಬ್ಬಿಣದ ಸರ್ವರ್ ಮುದಿಯಾಗುವುದು ಕಿವಿಗೆ ಗೊತ್ತಾಗುತ್ತಿತ್ತು. ಅಂಗೈಗಿಂತ ಚಿಕ್ಕ ಫ್ಯಾನುಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಆ ಕೋಣೆಯಲ್ಲಿ ಪಕ್ಕದವನ ಮಾತು ಕೇಳದು. ಆದರೂ ಯಾವ ಫ್ಯಾನಿನ ಬೇರಿಂಗ್ ಸವೆದಿದೆ, ಯಾವ ಡಿಸ್ಕು ಟಕಟಕ ಅನ್ನುತ್ತಿದೆ ಎಂಬುದು ಹಳಬರಿಗೆ ನಡೆದುಹೋಗುವಾಗಲೇ ತಿಳಿಯುತ್ತಿತ್ತು. ಮುಂದುಗಡೆ ಹಸಿರು ದೀಪದ ಜಾಗದಲ್ಲಿ ಕೇಸರಿ ದೀಪ ಹತ್ತಿತೆಂದರೆ ಹಳೆಯ ಡಿಸ್ಕು ಎಳೆದು ಹೊಸದು ತಳ್ಳಬೇಕು. ರೇಯ್ಡ್ ಎಂಬ ಏರ್ಪಾಟಿನಲ್ಲಿ ಒಂದು ಡಿಸ್ಕು ಹೋದರೂ ಮಿಕ್ಕವು ಅದರ ಪಾಲಿನದನ್ನು ಲೆಕ್ಕಹಾಕಿ ಮತ್ತೆ ಬರೆದುಕೊಳ್ಳುತ್ತವೆ. ಬರೆದು ಮುಗಿಸುವವರೆಗೆ ಇನ್ನೊಂದು ಡಿಸ್ಕು ಕೈಕೊಡಬಾರದು. ಆ ಹೊತ್ತಿನಲ್ಲಿ ನಾಸ್ತಿಕರೂ ಕೈಮುಗಿದದ್ದನ್ನು ಕಂಡಿದ್ದೇನೆ. ಕೊನೆಗೊಂದು ದಿನ ಸರ್ವರ್ ಸಾಯುತ್ತಿತ್ತು. ಡಿಸ್ಕುಗಳನ್ನು ಪುಡಿಮಾಡುವ ಯಂತ್ರಕ್ಕೆ ಹಾಕಿ, ಪುಡಿಯಾದದ್ದಕ್ಕೆ ಸೀಲುಹಾಕಿದ ಪ್ರಮಾಣಪತ್ರ ಕೊಡುತ್ತಿದ್ದರು. ಮರಣಪತ್ರ ಕೈಗೆ ಬಂದಮೇಲೆ ನಾವೂ ಚಹಾ ಕುಡಿದು ಮುಂದಿನ ಕೆಲಸ ನೋಡುತ್ತಿದ್ದೆವು.

ಆಮೇಲೆ ಬಂತು ವರ್ಚುವಲ್ ಮೆಷಿನ್. ಬಂತು ಅನ್ನುವುದು ನಮ್ಮ ಮಟ್ಟಿಗೆ ಮಾತ್ರ. ಐಬಿಎಂನವರು 1972ರಲ್ಲೇ ವಿಎಂ/370 ಎಂಬ ವ್ಯವಸ್ಥೆ ಪ್ರಕಟಿಸಿ, ಒಂದೇ ದೊಡ್ಡ ಯಂತ್ರದೊಳಗೆ ಹಲವು ಯಂತ್ರಗಳನ್ನು ನಡೆಸಿದ್ದರು. 1998ರಲ್ಲಿ ವಿಎಂವೇರ್ ಕಂಪನಿ ಹುಟ್ಟಿ, ಅದೇ ವಿದ್ಯೆ ಮಾಮೂಲಿ ಸರ್ವರ್‌ಗಳಿಗೂ ದಕ್ಕಿತು. ಇಂಥದೇ ತಂತ್ರಾಂಶವಾದ ಕೇಂಬ್ರಿಡ್ಜಿನವರ ಝೆನ್ 2003ರಲ್ಲಿ ಬಂತು, 2007ರಲ್ಲಿ ಕೆವಿಎಂ ಎಂಬ ಇನ್ನೊಂದು ಲಿನಕ್ಸಿನ ಒಳಗೇ ಸೇರಿತು. ಲೆಕ್ಕ ಸರಳ. ನಮ್ಮ ನದಿಗಳಲ್ಲಿ ಹೆಚ್ಚಿನವು ದಿನದ ಬಹುಭಾಗ ಸುಮ್ಮನೆ ಗಾಳಿ ಬೀಸುತ್ತಾ, ಕರೆಂಟು ತಿನ್ನುತ್ತಾ ಕೂತಿರುತ್ತಿದ್ದವು. ಅವನ್ನೆಲ್ಲ ಒಂದು ದೊಡ್ಡ ಸರ್ವರಿನೊಳಗೆ ಸೇರಿಸಿದರೆ ಜಾಗ ಉಳಿಯಿತು, ದುಡ್ಡು ಉಳಿಯಿತು. ಒಳಗಿರುವ ಮೂವತ್ತು ಮೆಷಿನ್‌ಗಳಲ್ಲಿ ಪ್ರತಿಯೊಂದಕ್ಕೂ ಈ ಯಂತ್ರವೆಲ್ಲ ತನ್ನೊಬ್ಬನದೇ ಎಂಬ ಭ್ರಮೆ. ನಾವೂ ಆ ಭ್ರಮೆ ಕಳೆಯುವುದಿಲ್ಲ. ಇರುವ ಮೆಮೊರಿಗಿಂತ ಹೆಚ್ಚನ್ನೇ ಎಲ್ಲರಿಗೂ ಹಂಚಿದ್ದೇವೆಂದು ತೋರಿಸುತ್ತೇವೆ. ಎಲ್ಲವೂ ಒಂದೇ ದಿನ ತಮ್ಮ ಪಾಲು ಕೇಳಿದರೆ ಗೋವಿಂದ.

ಈ ಬದಲಾವಣೆ ನಿಜಕ್ಕೂ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಆಯುಧಪೂಜೆಯಲ್ಲಿ.

ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಆಯುಧಪೂಜೆ ಮಾಡುವುದು ಸುಲಭವಲ್ಲ. ಒಳಗೆ ಕರ್ಪೂರ ಹಚ್ಚುವಂತಿಲ್ಲ, ಊದುಬತ್ತಿಯ ಮಾತೇ ಬೇಡ. ಚಾವಣಿಯ ಪೈಪುಗಳು ಸದಾ ಗಾಳಿ ಎಳೆದು ಮೂಸುತ್ತಿರುತ್ತವೆ. ಕಣ್ಣಿಗೆ ಕಾಣದಷ್ಟು ಹೊಗೆಯೂ ಅವಕ್ಕೆ ಸಾಕು. ಅಲ್ಲಿಂದ ಸೈರನ್, ಆಮೇಲೆ ಮೂಲೆಯ ಕೆಂಪು ಸಿಲಿಂಡರುಗಳಲ್ಲಿರುವ ಬೆಂಕಿ ಆರಿಸುವ ಅನಿಲ. ದೇವಿಗೆ ಬೆಳಗಿದ ಒಂದು ಮಂಗಳಾರತಿಗೆ ಲಕ್ಷಗಟ್ಟಲೆ ಖರ್ಚಾದೀತು. ಕುಂಕುಮವನ್ನೂ ಪುಡಿಯಾಗಿ ಹಚ್ಚುವಂತಿಲ್ಲ. ಫ್ಯಾನು ಎಳೆದುಕೊಂಡರೆ ಮದರ್‌ಬೋರ್ಡಿಗೂ ಮುತ್ತೈದೆ ಭಾಗ್ಯ. ಹಾಗಾಗಿ ನೀರಲ್ಲಿ ಕಲಸಿ, ರ‍್ಯಾಕಿನ ಕಂಬದ ಮೇಲೆ, ಗಾಳಿ ಹೋಗದ ಕಡೆ ನೋಡಿ ಬೊಟ್ಟಿಡುವುದು ನಮ್ಮ ಸಂಪ್ರದಾಯ. ನಿಜವಾದ ಪೂಜೆಯೆಲ್ಲ ಹೊರಗೆ ಡೀಸೆಲ್ ಜನರೇಟರ್ ಅಂಗಳದಲ್ಲಿ. ಅಲ್ಲಿ ಬಾಳೆಕಂದು, ಚೆಂಡುಹೂವಿನ ಹಾರ, ಕುಂಕುಮ ತುಂಬಿ ಒಡೆದ ಬೂದುಗುಂಬಳ ಎಲ್ಲವೂ ಉಂಟು. ಜನರೇಟರಿಗೆ ಚಕ್ರಗಳೇ ಇಲ್ಲದಿದ್ದರೂ ನಾಲ್ಕು ಮೂಲೆಗೆ ನಾಲ್ಕು ನಿಂಬೆಹಣ್ಣು ಇರುತ್ತದೆ.

ಇದಕ್ಕೆಲ್ಲ ಯಜಮಾನಿಕೆ ನಮ್ಮ ಜನರೇಟರ್ ಆಪರೇಟರದು. ಮಳವಳ್ಳಿ ಕಡೆಯವರು. ಒಂದು ವರ್ಷ ಅವರು ಒಳಗಿನ ಬೊಟ್ಟಿಡುವ ಕೆಲಸಕ್ಕೂ ಬಂದು, ಒಂದು ರ‍್ಯಾಕಿನ ಮುಂದೆ ತಟ್ಟೆ ಹಿಡಿದು ನಿಂತುಬಿಟ್ಟರು.

“ಸಾರ್, ಈ ಪೆಟ್ಗೆ ಒಳಗೆ ಮೂವತ್ತು ಮಿಶಿನ್ ಅವೆ ಅಂತೀರಿ. ಬೊಟ್ಟು ಒಂದೇ ಇಟ್ರಲ್ಲ, ಮಿಕ್ಕವ್ಕೆ?”

“ಒಂದಿಟ್ಟರೆ ಎಲ್ಲಕ್ಕೂ ಸೇರುತ್ತೆ ಅಣ್ಣ” ಅಂದೆ.

“ಹೊಸ್ಲಿಗೆ ಇಟ್ರೆ ಮನೆಯೋರ್ಗೆಲ್ಲ ಇಟ್ಟಂಗೆ ಅನ್ನಿ” ಎಂದು ತಾವೇ ತೀರ್ಮಾನಿಸಿ ಮುಂದಿನ ರ‍್ಯಾಕಿಗೆ ಹೋದರು.

ಅವರಿಗೆ ನಾನು ಹೇಳದೇ ಉಳಿಸಿದ್ದು ಒಂದಿತ್ತು. 2003ರಿಂದೀಚೆಗೆ ವಿಮೋಷನ್ ಎಂಬುದೊಂದು ಇದೆ. ನಡೆಯುತ್ತಿರುವ ಮೆಷಿನ್ನನ್ನು ನಿಲ್ಲಿಸದೆಯೇ ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸುವ ವಿದ್ಯೆ. ಅದು ಕೆಲಸ ಮಾಡುತ್ತಿರುವಾಗಲೇ ಮೆಮೊರಿಯನ್ನೆಲ್ಲ ಆ ಕಡೆಗೆ ನಕಲು ಮಾಡುತ್ತಾರೆ, ಅಷ್ಟರಲ್ಲಿ ಬದಲಾದದ್ದನ್ನು ಮತ್ತೆ ನಕಲು ಮಾಡುತ್ತಾರೆ, ಕೊನೆಗೆ ಕಣ್ಣುಮಿಟುಕಿಸುವಷ್ಟು ಹೊತ್ತು ತಡೆದು ಆ ಕಡೆಯಲ್ಲಿ ಎಬ್ಬಿಸುತ್ತಾರೆ. ಇಲ್ಲಿ ‘ಮಾಡುತ್ತಾರೆ’ ಅಂದದ್ದೂ ಸುಳ್ಳು, ಮಾಡುವವರು ಯಾರೂ ಇಲ್ಲ. ಡಿಆರ್‌ಎಸ್ ಎಂಬ ತಂತ್ರಾಂಶ ಹೊರೆ ನೋಡಿಕೊಂಡು ತಾನೇ ಆಚೀಚೆ ಮಾಡುತ್ತದೆ. ಕ್ರಿಕೆಟ್ಟಿನ ಡಿಆರ್‌ಎಸ್‌ನ ಹಾಗಲ್ಲ, ಇಲ್ಲಿ ಮೇಲ್ಮನವಿ ನಡೆಯುವುದಿಲ್ಲ. ಬೆಳಿಗ್ಗೆ ಬೊಟ್ಟಿಟ್ಟ ಸರ್ವರಿನ ಅರ್ಧ ನಿವಾಸಿಗಳು ರಾತ್ರಿಯಾಗುವುದರೊಳಗೆ ಬೊಟ್ಟಿಲ್ಲದ ಸರ್ವರಿಗೆ ಹೊರಟುಹೋಗಿರುತ್ತಾರೆ. ಪೂಜೆಯ ಫಲವೂ ಮೆಮೊರಿಯ ಜತೆ ನಕಲಾಗುತ್ತದೆಯೋ, ಹಳೆಯ ಪೆಟ್ಟಿಗೆಯಲ್ಲೇ ಉಳಿಯುತ್ತದೆಯೋ? ಯಾವ ತಾಂತ್ರಿಕ ಕೈಪಿಡಿಯಲ್ಲೂ ಇದಕ್ಕೆ ಉತ್ತರವಿಲ್ಲ.

ಆ ಮಳವಳ್ಳಿ ಅಣ್ಣನನ್ನು ಕಂಡರೆ ನನಗೆ ಈಚೆಗೆ ಹೊಟ್ಟೆಕಿಚ್ಚು. ಕರೆಂಟು ಹೋದೊಡನೆ ಯುಪಿಎಸ್ ಬ್ಯಾಟರಿಗಳು ಕೆಲವು ನಿಮಿಷ ಭಾರ ಹೊರುತ್ತವೆ. ಅಷ್ಟರೊಳಗೆ ಜನರೇಟರ್ ಏಳಲೇಬೇಕು. ತಾನಾಗಿ ಏಳುತ್ತದೆ, ನಿಜ. ಏಳದಿದ್ದರೆ ಏನೆಂಬುದಕ್ಕೇ ಅವರು ಅಲ್ಲಿರುವುದು. ಡೀಸೆಲ್ ವಾಸನೆ, ಎಂಜಿನ್ನಿನ ಸದ್ದು, ಬಿಸಿ ಎಲ್ಲವೂ ಅವರಿಗೆ ಇನ್ನೂ ಕೈಗೆ ಸಿಗುತ್ತವೆ. ನಾನೀಗ ಪರದೆಯ ಮುಂದೆ ಕೂತವನು. ಸರ್ವರ್ ಸತ್ತಂತೆ ಬಿದ್ದಿದ್ದರೂ ಅದರೊಳಗಿನ ಪುಟ್ಟ ನಿಗಾ ಚಿಪ್ಪೊಂದು ಎಚ್ಚರವಾಗಿರುತ್ತದೆ. ಅದರ ಮೂಲಕ ಸಾಗರದ ಮಾವನ ಮನೆ ಜಗಲಿಯಲ್ಲಿ ಕೂತೂ ಬೆಂಗಳೂರಿನ ಸರ್ವರನ್ನು ಆರಿಸಿ ಹೊತ್ತಿಸಬಹುದು. ಮಾನಿಟರು ಕೀಬೋರ್ಡು ಹೊತ್ತು ತಿರುಗುತ್ತಿದ್ದ ಕ್ರ್ಯಾಶ್ ಕಾರ್ಟ್ ಮೂಲೆಯಲ್ಲಿದೆ. ಹಿಂದೆ ಮೇ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಒಳಹೋಗಿ, ತಣ್ಣನೆ ಸಾಲಿನಲ್ಲಿ ಕೈ ಮರಗಟ್ಟಿದರೆ ರ‍್ಯಾಕಿನ ಹಿಂದಿನ ಬಿಸಿ ಸಾಲಿಗೆ ಹೋಗಿ ಅಂಗೈ ಕಾಯಿಸಿಕೊಳ್ಳುತ್ತಿದ್ದೆವು. ಆಶ್ರೇ ಎಂಬ ಅಮೆರಿಕದ ಎಂಜಿನಿಯರುಗಳ ಸಂಘ 2008ರಲ್ಲಿ ಸರ್ವರಿಗೆ ಹೋಗುವ ಗಾಳಿ 27 ಡಿಗ್ರಿ ಸೆಲ್ಸಿಯಸ್‌ವರೆಗೆ ಇದ್ದರೂ ಅಡ್ಡಿಯಿಲ್ಲ ಎಂದಿತು, ನಿಧಾನಕ್ಕೆ ನಮ್ಮವರೂ ಒಪ್ಪಿದರು. ಕರೆಂಟು ಉಳಿಯಿತು. ನನ್ನ ಸ್ವೆಟರ್ ಮಾತ್ರ ನಿರುದ್ಯೋಗಿ.

ಊರಿನಲ್ಲಿ ದೊಡ್ಡಪ್ಪನಿಗೆ ಇವೆಲ್ಲ ಬೇಕಿಲ್ಲ. ಯಾವುದೋ ಕೌಂಟರಿನಲ್ಲಿ ಪಹಣಿ ಸಿಗದೆ ವಾಪಸು ಬಂದವರು ನೇರ ನನಗೇ ಫೋನು ಹಚ್ಚುತ್ತಾರೆ: “ಎಂತ ಮಾರಾಯಾ, ನಿಮ್ಮ ಸರ್ವರ್ ಮತ್ತೆ ಬಿದ್ಕಂಡಿದ್ಯಲ!” ಜಗತ್ತಿನ ಸರ್ವರ್‌ಗಳೆಲ್ಲ ನನ್ನವೇ ಎಂದು ನಂಬಿರುವ ಒಬ್ಬರಾದರೂ ಇದ್ದಾರಲ್ಲ ಎಂದು ನಾನು ತಿದ್ದಲು ಹೋಗಿಲ್ಲ.

ಇನ್ನು ತುಂಗೆಯ ವಿಷಯ. ಕಬ್ಬಿಣದ ತುಂಗೆ ಹಳತಾಗಿ, ಬಿಡಿಭಾಗ ಸಿಗದೆ ನಿಲ್ಲುವ ಹೊತ್ತಿಗೆ ಪಿ-ಟು-ವಿ ಮಾಡಿದೆವು. ಅಂದರೆ ಅದರ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹಾಗ್ಹಾಗೇ ಎತ್ತಿ ವರ್ಚುವಲ್ ಮೆಷಿನ್ ಮಾಡುವುದು. ನಮ್ಮ ಪುರಾಣದ ಪರಕಾಯ ಪ್ರವೇಶವೇ ಸರಿ. ದೇಹ ಪುಡಿಯಂತ್ರಕ್ಕೆ ಹೋಯಿತು, ಪ್ರಮಾಣಪತ್ರವೂ ಬಂತು. ಜೀವ ಇನ್ನೂ ಓಡುತ್ತಿದೆ. ಅದರ ವಿಂಡೋಸ್ ಸರ್ವರ್ 2003ಕ್ಕೆ ತಯಾರಕರ ಬೆಂಬಲ 2015ರ ಜುಲೈನಲ್ಲೇ ಮುಗಿದಿದೆ. ಸಂಬಳದ ಲೆಕ್ಕ ಬೇರೆ ಕಡೆ ಹೋಗಿ ಯಾವ ಕಾಲವಾಯಿತೋ. ಆದರೂ ಅಳಿಸಲು ಯಾರೂ ಸಹಿ ಹಾಕುವುದಿಲ್ಲ. ‘ಹಳೇ ರೆಕಾರ್ಡು, ಯಾವತ್ತಾದರೂ ಬೇಕಾದರೆ?’ ಎಂಬ ಒಂದು ಪ್ರಶ್ನೆ ಸಾಕು.

ತುಂಗೆಯೊಂದೇ ಅಲ್ಲ. ಕಬ್ಬಿಣ ತರಿಸಬೇಕಾದಾಗ ಅರ್ಜಿ, ಬಜೆಟ್ಟು, ತಿಂಗಳುಗಟ್ಟಲೆ ಕಾಯುವಿಕೆ. ಈಗ ಎರಡು ನಿಮಿಷದಲ್ಲಿ ಮೆಷಿನ್ ಹುಟ್ಟುತ್ತದೆ. ಟೆಸ್ಟ್, ಟೆಸ್ಟ್-2, ಟೆಸ್ಟ್-ಹೊಸದು, ಟೆಸ್ಟ್-ಫೈನಲ್, ಅದರ ನಂತರ ಡೋಂಟ್-ಡಿಲೀಟ್. ಕೇಳಿ ಪಡೆದವರು ಕಂಪನಿ ಬಿಟ್ಟು ಟೊರಾಂಟೊದಲ್ಲಿ ಮನೆ ಕೊಂಡಿರುತ್ತಾರೆ, ಅವರ ಮೆಷಿನ್ ಇಲ್ಲಿ ಡೀಸೆಲ್ ಕುಡಿಯುತ್ತಾ ಇರುತ್ತದೆ. ಸ್ಟ್ಯಾನ್‌ಫರ್ಡಿನ ಜೊನಾಥನ್ ಕೂಮಿ 2015ರಲ್ಲಿ ಸಹಸಂಶೋಧಕರೊಡನೆ ಲೆಕ್ಕ ಹಾಕಿದಾಗ, ಅವರು ನೋಡಿದ ಸರ್ವರ್‌ಗಳಲ್ಲಿ ಶೇ. 30ರಷ್ಟು ಆರು ತಿಂಗಳಿಗೂ ಹೆಚ್ಚು ಕಾಲ ಯಾವ ಉಪಯುಕ್ತ ಕೆಲಸವನ್ನೂ ಮಾಡಿರಲಿಲ್ಲ. ಅವನ್ನು ಅವರು ಕರೆದದ್ದು ಕೋಮಾದಲ್ಲಿರುವ ಸರ್ವರ್‌ಗಳು ಎಂದು. ಅವರು ಎಣಿಸಿದ್ದು ಕಬ್ಬಿಣದವನ್ನು. ತೂಕವಿಲ್ಲದವನ್ನು ನಮ್ಮಲ್ಲಿ ಎಣಿಸಹೋದರೆ ಎಣಿಸುವವರೇ ಕೋಮಾಕ್ಕೆ ಹೋದಾರು. ಸಾವಿಲ್ಲದ ಮನೆಯ ಸಾಸಿವೆ ತಾ ಎಂದು ಬುದ್ಧ ಕಿಸಾಗೋತಮಿಯನ್ನು ಊರೆಲ್ಲ ಅಲೆಸಿದನಲ್ಲ, ಆಕೆ ನಮ್ಮ ಡೇಟಾ ಸೆಂಟರಿಗೆ ಬಂದಿದ್ದರೆ ಮೂಟೆ ಕಟ್ಟಿ ಕಳಿಸುತ್ತಿದ್ದೆವು.

ಇದಕ್ಕೊಂದು ಮದ್ದಿದೆ, ಹೆಸರು ಸ್ಕ್ರೀಮ್ ಟೆಸ್ಟ್. ಮೆಷಿನ್ನಿನ ನೆಟ್‌ವರ್ಕ್ ಕಳಚಿಟ್ಟು, ಯಾರು ಕಿರುಚುತ್ತಾರೋ ನೋಡುವುದು. ಯಾರೂ ಕಿರುಚದಿದ್ದರೆ ಅಳಿಸುವುದು. ನಮ್ಮ ದೇಶದಲ್ಲಿ ಇದರ ತೊಡಕೇನೆಂದರೆ ಕೆಲವರು ಮಾರ್ಚ್ ಕೊನೆಯ ವಾರದಲ್ಲಿ ಮಾತ್ರ ಕಿರುಚುತ್ತಾರೆ. ವರ್ಷವಿಡೀ ಹೇಳಕೇಳುವವರಿಲ್ಲದೆ ಬಿದ್ದಿದ್ದ ಮೆಷಿನ್ನಿಗೆ ಆರ್ಥಿಕ ವರ್ಷ ಮುಗಿಯುವಾಗ ಎಲ್ಲಿಲ್ಲದ ಬಂಧುಗಳು. ಹಾಗಾಗಿ ನೆಟ್‌ವರ್ಕ್ ಮತ್ತೆ ಕೂಡಿಸಿ, ‘ಮುಟ್ಟಬೇಡಿ’ ಎಂದು ಟಿಪ್ಪಣಿ ಬರೆದು ಕೈತೊಳೆದುಕೊಳ್ಳುತ್ತೇವೆ.

ಓದುವವರಲ್ಲಿ ಯಾರಾದರೂ ಐಟಿ ಕೆಲಸದಲ್ಲಿದ್ದರೆ, ಇದ್ದು ಬಿಟ್ಟಿದ್ದರೆ, ಒಂದು ಕೋರಿಕೆ. ಕಂಪನಿ ಬಿಡುವಾಗ ಲ್ಯಾಪ್‌ಟಾಪು, ಗುರುತಿನ ಚೀಟಿ ಮರಳಿಸಿ ಸಹಿ ಹಾಕಿರುತ್ತೀರಿ. ‘ಒಂದೇ ವಾರಕ್ಕೆ ಸಾರ್’ ಎಂದು ಎಂದೋ ಕೇಳಿ ಪಡೆದ ಮೆಷಿನ್ ನೆನಪಿದ್ದರೆ, ಅದನ್ನು ಆರಿಸಬಹುದು ಎಂದು ನಿಮ್ಮ ಹಳೆಯ ಆಫೀಸಿಗೆ ಒಂದು ಸಾಲಿನ ಮೇಲ್ ಹಾಕಿ. ಟೊರಾಂಟೊದಿಂದ ಹಾಕಿದರೂ ನಡೆಯುತ್ತದೆ. ನಾವು ರಾತ್ರಿಪಾಳಿಯಲ್ಲೂ ಮೇಲ್ ನೋಡುತ್ತೇವೆ.