ರಬ್ಬರ್ ಹುಳುವೂ ಒಂದು ಹಳೆಯ ಗಾಳವೂ

ನನ್ನ ತಂಗಿಯ ಮಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸದಲ್ಲಿರುವನೆಂಬುದು ಬಂಧುಗಳಿಗೆಲ್ಲ ತಿಳಿದ ವಿಷಯ. ಅವನಿಗೆ ಎರಡು ವರ್ಷಗಳಿಂದ ಮೀನು ಹಿಡಿಯುವ ಹುಚ್ಚು ಹತ್ತಿದೆ ಎಂಬುದು ಮಾತ್ರ ನನಗೆ ತಿಳಿದದ್ದು ಕಳೆದ ಮೇ ತಿಂಗಳ ಕೊನೆಯಲ್ಲಿ. ಮುಂಗಾರಿನ ಮುಂಚಿನ ಮಳೆ ಎರಡು ಮೂರು ಬಾರಿ ಚೆನ್ನಾಗಿ ಹೊಡೆದು, ನಮ್ಮ ಹುಣಸೂರಿನ ಸುತ್ತ ಹೊಗೆಸೊಪ್ಪಿನ ಸಸಿ ನೆಡುವ ಕೆಲಸ ಮುಗಿದಿದ್ದ ದಿನಗಳವು. ಕಾರಿನಿಂದ ಇಳಿದವನು ಒಂದು ಉದ್ದನೆಯ ಚೀಲವನ್ನೂ, ಪಾರದರ್ಶಕ ಪೆಟ್ಟಿಗೆಯೊಂದನ್ನೂ ಹಜಾರದಲ್ಲಿಟ್ಟು, "ಮಾವ, ನಾಳೆ ನನಗೊಂದು ಕೆರೆ ತೋರಿಸಬೇಕು" ಎಂದನು.

ಪೆಟ್ಟಿಗೆಯನ್ನು ತೆರೆದೊಡನೆ ಸೋಂಪಿನ ವಾಸನೆ ಬಂದಿತು. ಒಳಗೆ ಎರೆಹುಳು, ಹಲ್ಲಿ, ಕಪ್ಪೆ, ಸಣ್ಣ ಮೀನು, ಎಲ್ಲವೂ ಮೆತ್ತನೆಯ ಪ್ಲಾಸ್ಟಿಕ್ಕಿನವು. ಮುಟ್ಟಿದರೆ ಥೇಟು ಜೀವವಿದ್ದಂತೆ ಬಳುಕುವವು. ಆದರೆ ಒಂದು ಮೂಲೆಯಲ್ಲಿ ನಾಲ್ಕಾರು ಹುಳುಗಳು ಒಂದಕ್ಕೊಂದು ಅಂಟಿ, ಕರಗಿದ ಬೆಲ್ಲದಂತಾಗಿ, ಪೆಟ್ಟಿಗೆಯ ತಳವನ್ನೇ ತಿಂದಿದ್ದವು. ಅವನು ಕಾರಿನ ಬಿಸಿಲನ್ನು ದೂರಿದನು. ನಿವೃತ್ತನಾದರೂ ವಿಜ್ಞಾನದ ಮೇಷ್ಟ್ರು ಸುಮ್ಮನಿರುವುದುಂಟೇ? ಪಿ.ವಿ.ಸಿ. ಸ್ವಭಾವತಃ ಗಡುಸಾದ ವಸ್ತು. ಅದನ್ನು ಮೆತ್ತಗಾಗಿಸಲು ಎಣ್ಣೆಯಂಥ ಮೃದುಕಾರಿ ದ್ರವದಲ್ಲಿ ಕಲಸಿ, ಕಾಯಿಸಿ, ಅಚ್ಚಿಗೆ ಎರೆಯುತ್ತಾರೆ. ಆ ದ್ರವ ಪ್ಲಾಸ್ಟಿಕ್ಕಿನೊಡನೆ ಶಾಶ್ವತವಾಗಿ ಬೆಸೆದುಕೊಳ್ಳುವುದಿಲ್ಲ. ಪಕ್ಕದಲ್ಲಿ ಬೇರೆ ಜಾತಿಯ ಪ್ಲಾಸ್ಟಿಕ್ ಸಿಕ್ಕರೆ ಅದರೊಳಕ್ಕೆ ಇಳಿದು ಅದನ್ನೂ ಕರಗಿಸುತ್ತದೆ. ಆದ್ದರಿಂದ ಒಂದೊಂದು ತಯಾರಿಕೆಯನ್ನೂ ಅದು ಬಂದ ಕವರಿನಲ್ಲಿಯೇ ಇಡಬೇಕು ಎಂದು ಹೇಳಿದೆ. ನನ್ನ ಪಾಠದಿಂದ ಅವನ ಹುಳುಗಳೇನೂ ಮರಳಿ ಬರಲಿಲ್ಲವೆನ್ನಿ.

ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ ನಿಕ್ ಕ್ರೀಮ್ ಎಂಬಾತ 1949ರಲ್ಲಿ ಇಂಥ ಮೊದಲ ಮೆತ್ತನೆಯ ಹುಳುವನ್ನು ಮಾಡಿದನೆಂದು ಹುಡುಗ ತಿಳಿಸಿದನು. ಅಡುಗೆಮನೆಯ ಒಲೆಯ ಮೇಲೆಯೇ ಆ ಪ್ರಯೋಗ ನಡೆದದ್ದಂತೆ. ನಮ್ಮ ಬಾಲ್ಯದಲ್ಲಿ ಅಡುಗೆಮನೆಯಿಂದ ಮೀನಿಗೆ ಹೋಗುತ್ತಿದ್ದದ್ದು ರಾಗಿಮುದ್ದೆಯ ಒಂದು ತುಣುಕು ಮಾತ್ರ, ಅದೂ ಅಜ್ಜಿಯ ಕಣ್ಣು ತಪ್ಪಿಸಿ. ನಮ್ಮೂರು ಕಟ್ಟೆಮಳಲವಾಡಿಗೆ ದೂರವಲ್ಲ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿದ ಲಕ್ಷ್ಮಣತೀರ್ಥ ಹನಗೋಡು, ಹುಣಸೂರುಗಳನ್ನು ಹಾದು ಅಲ್ಲಿಗೆ ಬರುವಷ್ಟರಲ್ಲಿ ಸಾಧುವಾಗಿರುತ್ತಾಳೆ. ಬಿದಿರುಕಡ್ಡಿ, ತಂಗೂಸಿ, ನವಿಲುಗರಿಯ ಕಡ್ಡಿಯ ಬೆಂಡು, ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣಿನೊಡನೆ ಎರೆಹುಳು: ಇಷ್ಟಿದ್ದರೆ ಭಾನುವಾರ ಸಾರ್ಥಕವಾಗುತ್ತಿದ್ದಿತು. ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ಕಡೆಯ ನೆಂಟರ ಹುಡುಗರು ಕಾವೇರಿಯ ಮೀನುಗಳನ್ನು ಕುರಿತು ಕೈಯಗಲಿಸಿ ಹೇಳುತ್ತಿದ್ದ ಸುಳ್ಳುಗಳಿಗೆ ಲೆಕ್ಕವಿಲ್ಲ. ಆದರೆ ಹೆಗ್ಗಡದೇವನಕೋಟೆಯ ಕಡೆಯವರ ಒಂದು ಮಾತು ಮಾತ್ರ ಸುಳ್ಳಲ್ಲವೆಂದು ಅನಂತರ ತಿಳಿಯಿತು. ಕಬಿನಿಗೆ ಅಣೆಕಟ್ಟು ಬರುವುದಕ್ಕೂ ಬಹಳ ಮುಂಚೆ, 1946ರಲ್ಲಿ, ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಆ ಹೊಳೆಯಲ್ಲಿ 120 ಪೌಂಡ್ ತೂಕದ, ಎಂದರೆ ಸುಮಾರು 54 ಕಿಲೋಗ್ರಾಂನ, ಮಹಶೀರ್ ಮೀನನ್ನು ಗಾಳದಿಂದಲೇ ಹಿಡಿದಿದ್ದರು. ಬೆನ್ನು ಉಬ್ಬಿದ ಆ ಕಾವೇರಿ ಮಹಶೀರ್ ಇಂದು ಅಳಿವಿನ ತುತ್ತತುದಿಯಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ.

ಮರುದಿನ ಯಾವ ಕೆರೆಗೆ ಹೋಗುವುದೆಂಬ ಪ್ರಶ್ನೆ ಬಂದಿತು. ಹತ್ತಿರದ ಕೆರೆಯ ಮೀನಿನ ಗುತ್ತಿಗೆಯನ್ನು ನೋಡಿಕೊಳ್ಳುತ್ತಿರುವವನು ನನ್ನ ಹಳೆಯ ಶಿಷ್ಯ. ಅವನನ್ನು ಕೇಳಬೇಕೆಂದಾಗ ನನ್ನ ಮನಸ್ಸು ಹಿಂಜರಿಯಿತು. ಅದಕ್ಕೆ ಕಾರಣವನ್ನು ಇದುವರೆಗೆ ಯಾರೊಡನೆಯೂ ಹೇಳಿಕೊಂಡಿರಲಿಲ್ಲ.

1986ನೆಯ ಇಸವಿ. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಮೂರು ವರ್ಷಗಳಾಗಿದ್ದವು. ಎಂಟನೆಯ ತರಗತಿಯಲ್ಲಿ ಉಸಿರಾಟದ ಪಾಠ. ಮೀನುಗಳು ಕಿವಿರುಗಳ ಮೂಲಕ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರುತ್ತವೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಸಾ, ಕೊರವ ಮೀನು ಮ್ಯಾಕ್ಕೆ ಬಂದು ಗಾಳಿ ಕುಡೀತದೆ" ಎಂದನು. ತರಗತಿ ನಕ್ಕಿತು. ನಾನೂ ನಕ್ಕೆ. "ಹಾಗಾದರೆ ಅದಕ್ಕೆ ಮೂಗು ಎಲ್ಲಿದೆಯಪ್ಪ?" ಎಂದು ಕೇಳಿದೆ. ಅವನು ಕೂರಲಿಲ್ಲ, ಮೇಲೆ ಬರದಂತೆ ಬಲೆಯಲ್ಲಿ ಒತ್ತಿ ಹಿಡಿದರೆ ಅದು ನೀರಿನಲ್ಲಿಯೇ ಸಾಯುತ್ತದೆ ಎಂದನು. ಎದುರು ಮಾತನಾಡಿದನೆಂದು ನನಗೆ ಸಿಟ್ಟು ಬಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಜಾಮಿಟ್ರಿ ಬಾಕ್ಸ್ ತೆಗೆಸಿ ನೋಡಿದರೆ ಕೈವಾರದ ಜಾಗದಲ್ಲಿ ತಂಗೂಸಿ ಸುತ್ತಿದ ಒಂದು ಗಾಳ! ಅದನ್ನು ಕಿತ್ತುಕೊಂಡು, ಮೀನು ಕಿವಿರುಗಳಿಂದ ಉಸಿರಾಡುತ್ತದೆ ಎಂದು ನೂರು ಸಲ ಬರೆಸಿದೆ. ಆ ವರ್ಷದ ದಸರಾ ರಜೆಯ ಅನಂತರ ಅವನು ಶಾಲೆಗೆ ಬರಲಿಲ್ಲ. ತರಗತಿಗೆ ಬಾರದ ಮಕ್ಕಳ ಮನೆಗೆ ಹೋಗಿ ವಿಚಾರಿಸುತ್ತಿದ್ದ ನಾನು ಅವನ ಮನೆಗೆ ಮಾತ್ರ ಹೋಗಲಿಲ್ಲ.

ಅದಾದ ಎಷ್ಟೋ ವರ್ಷಗಳ ಮೇಲೆ ಪ್ರಾಣಿಶಾಸ್ತ್ರದ ಪುಸ್ತಕವೊಂದರಲ್ಲಿ ಓದಿದೆ. ಕೊರವ ಮೀನಿಗೆ, ನಮ್ಮಲ್ಲಿ ಕೆಲವರು ಕುಚ್ಚು ಮೀನು ಎನ್ನುವುದಕ್ಕೆ, ಕಿವಿರುಗಳ ಮೇಲ್ಭಾಗದಲ್ಲಿ ಗಾಳಿ ತುಂಬುವ ಒಂದು ಗೂಡು ಇದೆ. ಬೆಳೆದ ಮೀನಿಗೆ ಕಿವಿರುಗಳಷ್ಟೇ ಸಾಲವು. ಆಗಾಗ ಮೇಲೆ ಬಂದು ಗಾಳಿ ನುಂಗದಿದ್ದರೆ ಅದು ನೀರಿನಲ್ಲಿಯೇ ಉಸಿರುಕಟ್ಟಿ ಸಾಯುತ್ತದೆ. ಬೆಂಚಿನ ಮೇಲೆ ನಿಂತ ಹುಡುಗ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಬೆಳಿಗ್ಗೆ ಆರು ಗಂಟೆಗೆ ಕೆರೆ ಏರಿಯ ಮೇಲೆ ಅವನು ಹರಿಗೋಲನ್ನು ಕವುಚಿ ಹಾಕಿ ಅದರ ಮೇಲೆ ಕುಳಿತಿದ್ದನು. ಈಗ ಅವನಿಗೂ ಐವತ್ತು ದಾಟಿದೆ. "ಏನ್ ಮೇಷ್ಟ್ರೇ, ಈ ಕಡೀಕೆ ಬಂದ್ಬುಟ್ರಿ?" ಎಂದು ಎದ್ದು ನಿಂತನು. ವಿಷಯ ತಿಳಿಸಿದಾಗ, "ಹುಡುಗ್ರು ಆಟಕ್ಕೆ ಹಿಡೀಲಿ ಬುಡಿ" ಎಂದು ನಕ್ಕನು.

ನನ್ನ ಅಳಿಯ ಹುಳುವನ್ನು ಗಾಳಕ್ಕೆ ಏರಿಸತೊಡಗಿದನು. ಇದಕ್ಕೆ ಟೆಕ್ಸಾಸ್ ರಿಗ್ ಎಂದು ಹೆಸರು. ಮೊದಲು ತಂಗೂಸಿಗೆ ಗುಂಡಿನ ಆಕಾರದ ಸೀಸವನ್ನು, ಚೂಪಾದ ತುದಿ ಮೇಲಕ್ಕಿರುವಂತೆ, ಪೋಣಿಸಬೇಕು. ಅನಂತರ ಕತ್ತಿನ ಬಳಿ ಎರಡು ಮಡಿಕೆಗಳಿರುವ ಗಾಳವನ್ನು ಕಟ್ಟಬೇಕು. ಗಾಳದ ಮೊನೆಯನ್ನು ಹುಳುವಿನ ತಲೆಯೊಳಕ್ಕೆ ಕಾಲಂಗುಲ ತೂರಿಸಿ ಪಕ್ಕದಿಂದ ಹೊರತೆಗೆದು, ಗಾಳದ ಕಣ್ಣು ತಲೆಯಲ್ಲಿ ಅಡಗುವವರೆಗೆ ಎಳೆಯಬೇಕು. ಗಾಳವನ್ನು ಅರ್ಧ ಸುತ್ತು ತಿರುಗಿಸಿ ಮೊನೆಯನ್ನು ಮತ್ತೆ ಹುಳುವಿನ ಮೈಯಲ್ಲಿ ಹುದುಗಿಸಬೇಕು. ಮೊನೆ ಮರೆಯಾಗಿರುವುದರಿಂದ ಜೊಂಡು, ಅಂತರಗಂಗೆಗಳ ನಡುವೆ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ಮಾತ್ರ ಮೆತ್ತನೆಯ ಮೈ ಅದುಮಿ ಮೊನೆ ಹೊರಬರುತ್ತದೆ. ಹೇಳುವುದು ಸುಲಭ. ಹುಡುಗನು ಏರಿಸಿದ ಹುಳು ಹೊಟ್ಟೆ ನೋವು ಬಂದವರಂತೆ ಮುದುಡಿಕೊಂಡಿತ್ತು. ನೀರಿನಲ್ಲಿ ಎಳೆದರೆ ಬುಗುರಿಯಂತೆ ಸುತ್ತಿ ತಂಗೂಸಿಯೆಲ್ಲ ಹುರಿಗಟ್ಟಿತು.

ಶಿಷ್ಯನು ಸ್ವಲ್ಪ ಹೊತ್ತು ನೋಡಿ, "ಇತ್ಲಾಗಿ ಕೊಡಿ ಸಾಮಿ" ಎಂದು ಕೈ ನೀಡಿದನು. ಆ ಬಗೆಯ ಗಾಳವನ್ನು ಅವನು ಕಂಡದ್ದು ಅದೇ ಮೊದಲು. ಗಾಳವನ್ನು ಹುಳುವಿನ ಪಕ್ಕಕ್ಕೆ ಹಿಡಿದು, ಮೊನೆ ಎಲ್ಲಿ ಒಳಹೋಗಬೇಕೋ ಅಲ್ಲಿ ಉಗುರಿನಿಂದ ಗುರುತು ಮಾಡಿ, ಎರಡೇ ಸಲಕ್ಕೆ ಏರಿಸಿ ಎತ್ತಿ ತೋರಿಸಿದನು. ಹುಳು ನೇರವಾಗಿ ತೂಗುತ್ತಿದ್ದಿತು. "ಡೊಂಕಿದ್ರೆ ಯಾವ ಮೀನೂ ನಂಬಕಿಲ್ಲ" ಎಂದನು. ಅಳೆದು ಗುರುತು ಮಾಡಿ ಅನಂತರ ಚುಚ್ಚಬೇಕೆಂಬುದನ್ನು ನಾನು ರೇಖಾಗಣಿತದ ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ!

ಹುಡುಗನ ಗಾಳಕ್ಕೆ ಅರ್ಧ ಕಿಲೋ ತೂಗುವ ಒಂದು ಕೊರವ ಬಿದ್ದಿತು. ಅದನ್ನು ಮರಳಿ ನೀರಿಗೆ ಬಿಟ್ಟನು. ಆಮೇಲೆ ಜೊಂಡಿನ ಅಂಚಿನಲ್ಲಿ ಕುಂಕುಮ ಕದಡಿದಂತೆ ಕೆಂಪಗೆ ಏನೋ ಮಿಸುಕಾಡುವುದನ್ನು ಕಂಡು ಉತ್ಸಾಹದಿಂದ ಪ್ಲಾಸ್ಟಿಕ್ ಕಪ್ಪೆಯನ್ನು ಕೈಗೆತ್ತಿಕೊಂಡನು. ಅದು ಕೊರವನ ಮರಿಗಳ ಹಿಂಡು. ಅದರ ಕೆಳಗೆ ತಾಯಿ ತಂದೆ ಕಾವಲಿರುತ್ತವೆ; ಮೇಲೆ ಕಪ್ಪೆ ಬಿದ್ದರೆ ಹಸಿವಿಲ್ಲದಿದ್ದರೂ ಕೋಪದಿಂದ ಹೊಡೆಯುತ್ತವೆ, ಗಾಳ ತಪ್ಪುವುದೇ ಇಲ್ಲ. ಶಿಷ್ಯನು ಕೋಲಿಗೆ ಅಡ್ಡವಾಗಿ ಕೈ ಹಿಡಿದನು. "ಅದು ಬ್ಯಾಡಿ. ತಾಯಿ ಮ್ಯಾಕ್ಕೆ ಬಂದ್ರೆ ಗಳಿಗೇಲಿ ಮಿಕ್ಕ ಮೀನೆಲ್ಲ ಮರೀನ ತಿಂದಾಕ್ತವೆ." ಹುಡುಗನು ಬಿಟ್ಟುಬಿಡುವೆನೆಂದು ವಾದಿಸಿದನು. "ನೀವ್ ಬುಡೋಗಂಟ ಅವು ಕಾಯ್ತವಾ?" ಎಂದನು ಶಿಷ್ಯ. ಹರಿದ ಪ್ಲಾಸ್ಟಿಕ್ ಹುಳುಗಳನ್ನೂ ನೀರಿಗೆಸೆಯಬಾರದು, ಅವು ಕೊಳೆಯುವುದಿಲ್ಲ, ಮೀನಿನ ಹೊಟ್ಟೆಗೆ ಹೋಗುತ್ತವೆ ಎಂದು ನಾನೂ ನನ್ನ ಪಾಲಿನ ಮಾತನ್ನು ಸೇರಿಸಿ, ಅವುಗಳನ್ನು ಜೇಬಿಗೆ ಹಾಕಿಕೊಂಡೆ.

ಆ ಹೊತ್ತಿಗೆ ಜೊಂಡಿನ ಬಳಿ ದೊಡ್ಡ ತಲೆಯೊಂದು ಮೇಲೆ ಬಂದು, ಒಂದು ಗುಟುಕು ಗಾಳಿ ನುಂಗಿ ಮುಳುಗಿತು. ಇನ್ನು ತಡೆಯಲಾರದೆ ನಾನು 1986ರ ಪಾಠವನ್ನು ಎತ್ತಿ, "ನೀನು ಹೇಳಿದ್ದೇ ಸರಿ ಕಣಪ್ಪ, ನಾನೇ ತಪ್ಪು ಹೇಳಿದ್ದು" ಎಂದೆ. ಅವನು ಬಹಳ ಯೋಚಿಸಿದನು. ಆ ಪ್ರಶ್ನೆಯಾಗಲಿ, ನೂರು ಸಲ ಬರೆದದ್ದಾಗಲಿ ಅವನಿಗೆ ನೆನಪಿರಲಿಲ್ಲ. ಶಾಲೆ ಬಿಟ್ಟದ್ದು ಅಪ್ಪನಿಗೆ ಕ್ಷಯ ತಗುಲಿದ್ದರಿಂದ ಎಂದನು. ಅದು ನಿಜವೋ, ಮೇಷ್ಟ್ರಿಗೆ ನೋವಾಗದಿರಲೆಂದು ಹೇಳಿದ್ದೋ ನನಗೆ ಇಂದಿಗೂ ಗೊತ್ತಾಗಿಲ್ಲ. ಅನಂತರ ಏನೋ ಹೊಳೆದವನಂತೆ, "ಆದ್ರೆ ನನ್ ಗಾಳ ಇಸ್ಕೊಂಡ್ರಲ್ಲ ಮೇಷ್ಟ್ರೇ, ಅದ ವಾಪಸ್ ಕೊಡ್ನೇ ಇಲ್ಲ ನೀವು. ಅದು ನಮ್ಮಪ್ಪಂದು" ಎಂದನು.

ಮನೆಗೆ ಬಂದು ಹಳೆಯ ಟ್ರಂಕುಗಳನ್ನೆಲ್ಲ ಜಾಲಾಡಿದೆ. ಹಾಜರಿ ಪುಸ್ತಕದ ಹಾಳೆಗಳು, ಎರಡು ಶಾಯಿ ಪೆನ್ನು, ಯಾರೋ ಕೊಟ್ಟ ಶಂಖ ಸಿಕ್ಕವು, ಗಾಳ ಸಿಗಲಿಲ್ಲ. ಮುಂದಿನ ಮಂಗಳವಾರ ಹುಣಸೂರಿನ ಸಂತೆಗೆ ಹೋದಾಗ ಒಂದು ಡಜನ್ ಗಾಳಗಳನ್ನು ಕೊಂಡು ಕೆರೆ ಏರಿಗೆ ತೆಗೆದುಕೊಂಡು ಹೋದೆ. ಅವನು ಪೊಟ್ಟಣ ಬಿಚ್ಚಿ, ಒಂದೊಂದನ್ನೂ ಬೆಳಕಿಗೆ ಹಿಡಿದು, ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿದನು. ನಾಲ್ಕನ್ನು ಬೇರೆ ತೆಗೆದು, "ಇವು ಮೊಂಡು, ಬದಲಾಯ್ಸಿ ತನ್ನಿ ಮೇಷ್ಟ್ರೇ" ಎಂದು ನನ್ನ ಕೈಗೆ ಹಿಂದಿರುಗಿಸಿದನು.