ಹೂಂ ಅಂದ್ರೆ ಮುಂದಕ್ಕೆ

ಹೋದ ತಿಂಗಳು ಒಂದು ಹಳೇ ವಿಡಿಯೋ ಗೇಮಿನ ಹುಚ್ಚು ಹಿಡಿದಿತ್ತು. ಹೆಸರು ‘ಶಿನ್ ಒನಿಗಾಶಿಮಾ’. ನಿಂಟೆಂಡೋದವರು 1987ರಲ್ಲಿ ಜಪಾನಿನಲ್ಲಿ ಡಿಸ್ಕ್ ರೂಪದಲ್ಲಿ ಎರಡು ಭಾಗವಾಗಿ ತಂದದ್ದು. ನಾನು ಹುಟ್ಟಿದ್ದೂ ಅದೇ ವರ್ಷ. ಚನ್ನರಾಯಪಟ್ಟಣದ ದೊಡ್ಡಮ್ಮನ ಮನೇಲಿ ಟೀವಿಗೆ ಸಿಕ್ಕಿಸಿ ಆಡ್ತಿದ್ದ ಮಾರಿಯೋ ಥರ ಓಡಿ ಹಾರೋ ಆಟ ಅಲ್ಲ ಇದು. ಚಿತ್ರದ ಜೊತೆ ಒಂದೆರಡು ಸಾಲು ಕಥೆ ಬರುತ್ತೆ. ನೋಡು, ಮಾತಾಡು, ತಗೋ ಅಂತ ಏನಾದ್ರೂ ಆರಿಸಿದ್ರೆ ಮಾತ್ರ ಮುಂದಕ್ಕೆ. ಜಪಾನಿ ಬರದ ನಾನು ಸ್ಕ್ರೀನಿಗೆ ಮೊಬೈಲ್ ಹಿಡಿದು ಅನುವಾದ ಮಾಡ್ಕೊಂಡು ಆಡಿದೆ.

ಇದಕ್ಕೆ ಬೇರು ಅಲ್ಲಿನ ಅಜ್ಜಿಕಥೆಗಳು. ಮೊಮೊತಾರೋ ಕಥೆಯಲ್ಲಿ ಅಜ್ಜ ಬೆಟ್ಟಕ್ಕೆ ಸೌದೆಗೆ, ಅಜ್ಜಿ ಹೊಳೆಗೆ ಬಟ್ಟೆ ಒಗೆಯಕ್ಕೆ ಹೋಗ್ತಾರೆ. ಹೊಳೇಲಿ ತೇಲಿಬಂದ ಪೀಚ್ ಹಣ್ಣಿನೊಳಗೆ ಗಂಡುಮಗು. ಅವನು ಬೆಳೆದು ನಾಯಿ, ಕೋತಿ, ಹಕ್ಕಿ ಕಟ್ಕೊಂಡು ರಾಕ್ಷಸರ ದ್ವೀಪಕ್ಕೆ ಹೊರಡ್ತಾನೆ. ಇನ್ನೊಂದು ಕಥೆಯ ಕಗುಯಾ ಬಿದಿರಿನೊಳಗೆ ಸಿಕ್ಕಿದ ಹುಡುಗಿ. ಗೇಮಿನವರು ಎರಡನ್ನೂ ಸೇರಿಸಿ ಹೊಲಿದಿದ್ದಾರೆ.

ನಮ್ಮಜ್ಜಿ ಬಟ್ಟೆ ಒಗೀತಿದ್ದದ್ದು ಹೊಳೆನರಸೀಪುರದ ಹತ್ತಿರ, ಹೇಮಾವತೀಲಿ. ಅವಳ ಕಥೇಲಿ ಹುಡುಗ ಹುಟ್ಟಿದ್ದು ಕುಂಬಳಕಾಯಿಯೊಳಗೆ. ರಾಕ್ಷಸನ ಜೀವ ಏಳು ಸಮುದ್ರದಾಚೆ ಗಿಣಿಯಲ್ಲಿ. “ಹೂಂಗುಟ್ಲಾ ಮಗ, ಇಲ್ದಿದ್ರೆ ಕತೆ ನಿಂತೋಯ್ತದೆ” ಅನ್ನೋಳು. ನಾವು ಹೂಂ ಅಂದ್ರೆ ಒಂದು ಸಾಲು, ಮತ್ತೆ ಹೂಂ ಅಂದ್ರೆ ಇನ್ನೊಂದು. ಬಟನ್ ಒತ್ತುವಾಗೆಲ್ಲ ನಂಗೆ ಇದೇ ನೆನಪು.

ಹಾಸನದಲ್ಲಿ ಬಿಇ ಮುಗಿಸಿ ಬೆಂಗಳೂರು ಸೇರಿದ ಮೇಲೆ ಒಂದ್ಸಲ ಊರಿಗೆ ಹೋಗಿದ್ದೆ. ಕರೆಂಟ್ ಹೋಗಿತ್ತು. ಅಜ್ಜಿ ತಾನಾಗೇ ಕುಂಬಳಕಾಯಿ ಕಥೆ ಶುರು ಮಾಡಿದಳು. ನಾನು ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಮುಗಿಯೋದ್ರೊಳಗೆ ಆಫೀಸ್ ಮೇಲ್ ಕಳಿಸೋ ಗಡಿಬಿಡೀಲಿದ್ದೆ. ಹೂಂ, ಹೂಂ ಅಂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನೋಡ್ತೀನಿ, ಕಥೆ ನಿಂತುಹೋಗಿದೆ. ನಾನು ಮಾತ್ರ ಹೂಂಗುಡ್ತಾನೇ ಇದ್ದೀನಿ!

“ನಿನ್ ಗ್ಯಾನ ಎಲ್ಲೋ ಐತೆ, ಇನ್ನೊಂದಿನ ಹೇಳ್ತೀನಿ ಬುಡು” ಅಂದಳು. ಆ ಇನ್ನೊಂದಿನ ಬರಲಿಲ್ಲ. ಮರುವರ್ಷ ಅಜ್ಜಿ ಹೋದಳು.

ಗೇಮ್ ಮುಗಿಸಿದ ರಾತ್ರಿ ಲೆಕ್ಕ ಹಾಕಿದೆ. 1987ರ ಜಪಾನಿ ಡಿಸ್ಕಿನ ಕಥೆ ಕೊನೇತನಕ ಸಿಕ್ತು. ನಮ್ಮಜ್ಜಿಯ ಕುಂಬಳಕಾಯಿ ಹುಡುಗ ಏಳನೇ ಸಮುದ್ರ ಹೇಗೆ ದಾಟಿದ ಅನ್ನೋದು ನಂಗೆ ಗೊತ್ತಿಲ್ಲ. ಅರಕಲಗೂಡಿನ ಅತ್ತೆಗೆ ಫೋನ್ ಮಾಡಿದ್ರೆ, “ನಂಗೂ ಮರ್ತೋಗೈತೆ ಕಣಪ್ಪ, ದೊಡ್ಡಮ್ಮನ್ನ ಕೇಳು” ಅಂದ್ರು. ದೊಡ್ಡಮ್ಮನಿಗೆ ಫೋನ್ ಮಾಡಿದೆ.

“ಗೊತ್ತು ಕಣೋ. ಆದ್ರೆ ಫೋನಲ್ಲೆಲ್ಲ ಕತೆ ಹೇಳಕ್ಕಾಗುತ್ತಾ? ಬಾ.”

ಶನಿವಾರ ಚನ್ನರಾಯಪಟ್ಟಣಕ್ಕೆ ಹೊರಟಿದ್ದೀನಿ. ಲ್ಯಾಪ್‌ಟಾಪ್ ಇಲ್ಲೇ ಇರುತ್ತೆ.